ಶಾಲೆಯ ಗಣಕಯಂತ್ರದ ಸ್ಮೃತಿವರ್ಧನೆ: ಆಯ್ಕೆ, ಜೋಡಣೆ ಮತ್ತು ತರಗತಿಯ ಬಳಕೆ

ಪಾಠದ ಉದ್ದೇಶಗಳು

ಈ ಘಟಕದ ಅಧ್ಯಯನದ ನಂತರ ಶಿಕ್ಷಕರು
• ಗಣಕಯಂತ್ರದ ತಾತ್ಕಾಲಿಕ ಸ್ಮೃತಿಗೂ ಶಾಶ್ವತ ಸಂಗ್ರಹಕ್ಕೂ ಇರುವ ಭೇದವನ್ನು ಮಕ್ಕಳ ಅನುಭವದ ಮಾತಿನಲ್ಲಿ ವಿವರಿಸಬಲ್ಲರು;
• ಯಂತ್ರ ನಿಧಾನವಾದಾಗ ಕೊರತೆ ಸ್ಮೃತಿಯದೋ ಬೇರೆಯದೋ ಎಂಬುದನ್ನು ಹಣ ವೆಚ್ಚ ಮಾಡುವ ಮೊದಲೇ ಪರೀಕ್ಷಿಸಬಲ್ಲರು;
• ಯಂತ್ರಕ್ಕೆ ಹೊಂದುವ ರ‍್ಯಾಮ್ ಪಟ್ಟಿಯನ್ನು ಆರಿಸಿ, ಸರಿಯಾದ ಸ್ಲಾಟಿನಲ್ಲಿ ಸುರಕ್ಷಿತವಾಗಿ ಜೋಡಿಸಬಲ್ಲರು;
• ಈ ಕೆಲಸವನ್ನೇ ಭಾಷೆ ಮತ್ತು ಗಣಿತದ ಪಾಠವಾಗಿ ಮಾರ್ಪಡಿಸಬಲ್ಲರು.

1. ಹಿನ್ನೆಲೆ

ಉಮರಗಾ ತಾಲೂಕು ಧಾರಾಶಿವ ಜಿಲ್ಲೆಗೆ ಸೇರಿದ್ದು. ನಿಲಂಗಾ ಮತ್ತು ಉದಗೀರ ತಾಲೂಕುಗಳು ಲಾತೂರ ಜಿಲ್ಲೆಗೆ ಸೇರಿವೆ. ನಿಲಂಗಾ, ಉದಗೀರಗಳು ಹಿಂದೆ ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಅವು ಅಂದಿನ ಮುಂಬಯಿ ರಾಜ್ಯಕ್ಕೂ, 1960ರ ಮೇ 1ರಂದು ಮಹಾರಾಷ್ಟ್ರಕ್ಕೂ ಸೇರಿದವು. ಗಡಿಯ ಗೆರೆ ಬದಲಾದರೂ ಆಳಂದ, ಬಸವಕಲ್ಯಾಣ, ಭಾಲ್ಕಿ, ಔರಾದ ಕಡೆಯ ಬೀಗತನ, ಸಂತೆ, ಜಾತ್ರೆಗಳ ನಂಟು ಕಡಿದುಹೋಗಲಿಲ್ಲ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಹಲವರಿಗೆ ಜೊತೆಯಲ್ಲಿ ದಖನಿ ಉರ್ದು: ಈ ಪ್ರದೇಶದ ಮಗು ಶಾಲೆಗೆ ಬರುವಾಗಲೇ ಎರಡು ಮೂರು ಭಾಷೆಗಳನ್ನು ಕಿವಿಯಲ್ಲಿಟ್ಟುಕೊಂಡು ಬರುತ್ತದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ.

ಕಿವಿಗೆ ದೊರೆಯುವ ಕನ್ನಡ ಕಣ್ಣಿಗೆ ಅಷ್ಟು ಸುಲಭವಾಗಿ ದೊರೆಯುವುದಿಲ್ಲ. ಅಂಗಡಿಯ ಫಲಕ, ಬಸ್ಸಿನ ಹಲಗೆ, ಕಚೇರಿಯ ಅರ್ಜಿ ಎಲ್ಲವೂ ಮರಾಠಿಯಲ್ಲಿರುವ ಊರಿನಲ್ಲಿ ಪಠ್ಯಪುಸ್ತಕವನ್ನು ಬಿಟ್ಟರೆ ಮಗುವಿನ ಕಣ್ಣಿಗೆ ಬೀಳುವ ಕನ್ನಡದ ಅಕ್ಷರ ವಿರಳ. ಈ ಕೊರತೆಯನ್ನು ತುಂಬಬಲ್ಲ ಸಾಧನ ಶಾಲೆಯ ಗಣಕಯಂತ್ರ. ಬಾಲಭಾರತಿಯ ಕನ್ನಡ ಪುಸ್ತಕಗಳ ಪಿಡಿಎಫ್ ಪ್ರತಿಗಳು, 2017ರಲ್ಲಿ ಆರಂಭವಾದ ದೀಕ್ಷಾ ವೇದಿಕೆಯ ಪಾಠಗಳು, ಕನ್ನಡ ವಿಕಿಪೀಡಿಯದ ಲೇಖನಗಳು ಎಲ್ಲವೂ ಅದೊಂದು ಪರದೆಯ ಮೂಲಕ ಮಕ್ಕಳನ್ನು ತಲುಪಬಲ್ಲವು. ಆದರೆ ಯಂತ್ರ ತೆರೆದುಕೊಳ್ಳುವಷ್ಟರಲ್ಲಿ ಅರ್ಧ ತಾಸು ಕಳೆದುಹೋಗುವಂತಿದ್ದರೆ, ಎರಡನೆಯ ಪುಟ ತೆರೆದೊಡನೆ ಮೊದಲನೆಯದು ಸ್ತಬ್ಧವಾಗುವಂತಿದ್ದರೆ, ಶಿಕ್ಷಕರು ಅದಕ್ಕೆ ಬಟ್ಟೆ ಹೊದಿಸಿ ಮೂಲೆಗಿಡುವುದು ಸಹಜ. ಹೀಗೆ ಮೂಲೆ ಸೇರಿದ ಯಂತ್ರಗಳಲ್ಲಿ ಹಲವು ಕೆಟ್ಟಿರುವುದಿಲ್ಲ. ಅವುಗಳಿಗೆ ಸ್ಮೃತಿ ಸಾಲದಾಗಿರುತ್ತದೆ. ಅಂಗೈಯಗಲದ ಒಂದು ಪಟ್ಟಿಯಿಂದ ಸರಿಹೋಗಬಹುದಾದ ಯಂತ್ರವನ್ನು ನಿರುಪಯುಕ್ತವೆಂದು ಬರೆದುಹಾಕಿದರೆ ನಷ್ಟವಾಗುವುದು ಮಕ್ಕಳ ಓದಿಗೆ.

2. ಕಣ ಮತ್ತು ಹಗೇವು

ಗಣಕಯಂತ್ರದಲ್ಲಿ ಎರಡು ಬಗೆಯ ನೆನಪುಗಳಿವೆ. ಹಾರ್ಡ್ ಡಿಸ್ಕ್ ಅಥವಾ ಎಸ್‌ಎಸ್‌ಡಿಯಲ್ಲಿರುವುದು ಶಾಶ್ವತ ಸಂಗ್ರಹ. ವಿದ್ಯುತ್ ಹೋದರೂ ಅಳಿಯದು. ರ‍್ಯಾಮ್ ಎಂದು ರೂಢಿಯಲ್ಲಿರುವುದು ತಾತ್ಕಾಲಿಕ ಸ್ಮೃತಿ. ಯಂತ್ರ ನಡೆಯುತ್ತಿರುವಷ್ಟು ಕಾಲ ಮಾತ್ರ ಅದರಲ್ಲಿ ವಿಷಯ ನಿಲ್ಲುತ್ತದೆ. ಇದನ್ನು ಮೇಜು ಮತ್ತು ಕಪಾಟಿನ ಹೋಲಿಕೆಯಿಂದ ಹೇಳುವುದು ವಾಡಿಕೆ. ಜೋಳ ಬೆಳೆಯುವ ಈ ನೆಲದ ಮಕ್ಕಳಿಗೆ ಕಣ ಮತ್ತು ಹಗೇವುಗಳ ಹೋಲಿಕೆ ಇನ್ನೂ ಹತ್ತಿರದ್ದಾಗಬಲ್ಲದು. ಮರಾಠಿಯಲ್ಲಿ ಇವೇ ಖಳೆ ಮತ್ತು ಪೇವ. ಯಂತ್ರದ ರಾಶಿ ಬಂದಿರುವ ಇಂದು ಹಗೇವನ್ನು ಕಣ್ಣಾರೆ ಕಾಣದ ಮಕ್ಕಳು ಮನೆಯ ಹಿರಿಯರನ್ನು ಕೇಳಿ ತಿಳಿದು ಬರಲೆಂದು ಒಂದು ದಿನ ಮೊದಲೇ ಹೇಳಿ ಕಳಿಸುವುದು ಒಳ್ಳೆಯದು.

ಹಗೇವು ನೆಲದಡಿಯ ಧಾನ್ಯದ ಕಣಜ. ಅದರಲ್ಲಿ ವರ್ಷಗಟ್ಟಲೆ ಜೋಳ ಉಳಿಯುತ್ತದೆ. ಆದರೆ ಅಲ್ಲಿ ಕೆಲಸ ಮಾಡಲಾಗದು. ರಾಶಿ ಮಾಡಲು, ತೂರಲು, ಅಳೆಯಲು ಕಣವೇ ಬೇಕು. ಕಣ ವಿಶಾಲವಾಗಿದ್ದರೆ ಒಂದು ಮಗ್ಗುಲಲ್ಲಿ ತೆನೆ, ಇನ್ನೊಂದು ಮಗ್ಗುಲಲ್ಲಿ ತೂರಿದ ಕಾಳು ಇಟ್ಟುಕೊಂಡು ಕೆಲಸ ನಡೆಯುತ್ತದೆ. ಕಣ ಕಿರಿದಾದರೆ ಒಂದನ್ನು ಹೊತ್ತು ಒಳಗಿಟ್ಟು ಇನ್ನೊಂದನ್ನು ಹೊರತರಬೇಕು. ದಿನವೆಲ್ಲ ಹೊರುವುದರಲ್ಲೇ ಕಳೆಯುತ್ತದೆ. ರ‍್ಯಾಮ್ ತುಂಬಿದಾಗ ಗಣಕಯಂತ್ರ ಮಾಡುವುದೂ ಇದನ್ನೇ. ಸ್ಮೃತಿಯಲ್ಲಿ ಹಿಡಿಯದ ಭಾಗವನ್ನು ಅದು ಡಿಸ್ಕಿಗೆ ಸಾಗಿಸುತ್ತದೆ, ಬೇಕಾದಾಗ ಮರಳಿ ತರುತ್ತದೆ. ರ‍್ಯಾಮ್‌ನಿಂದ ಒಂದು ಅಂಶವನ್ನು ಪಡೆಯಲು ಸುಮಾರು ಒಂದು ಸೆಕೆಂಡಿನ ಕೋಟಿಯಲ್ಲೊಂದು ಪಾಲು ಸಾಕು. ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಅದನ್ನು ಹುಡುಕಲು ನೂರರಲ್ಲೊಂದು ಪಾಲು ಬೇಕಾಗುತ್ತದೆ. ಈ ಲಕ್ಷಪಟ್ಟು ಅಂತರವೇ ಯಂತ್ರದ ನಿಧಾನಕ್ಕೆ ಕಾರಣ.

ಹೋಲಿಕೆಯ ಮಿತಿಯನ್ನೂ ಶಿಕ್ಷಕರು ಅರಿತಿರಬೇಕು. ಹಗೇವಿನಿಂದ ತೆಗೆದ ಜೋಳ ಹಗೇವಿನಲ್ಲಿ ಉಳಿಯದು; ಆದರೆ ಡಿಸ್ಕಿನಿಂದ ರ‍್ಯಾಮ್‌ಗೆ ಬರುವುದು ನಕಲು, ಮೂಲ ಅಲ್ಲೇ ಇರುತ್ತದೆ. ವಿದ್ಯುತ್ ಹೋದಾಗ ಅಳಿಯುವುದು ಉಳಿಸದೆ ಬಿಟ್ಟ ಹೊಸ ಕೆಲಸ ಮಾತ್ರ.

3. ಕನ್ನಡ ಯಂತ್ರಕ್ಕೆ ಭಾರವೇ?

ಕನ್ನಡದಲ್ಲಿ ಕೆಲಸ ಮಾಡಿದರೆ ಗಣಕಯಂತ್ರ ನಿಧಾನವಾಗುತ್ತದೆ ಎಂಬ ಮಾತು ಶಿಕ್ಷಕರ ನಡುವೆ ಆಗಾಗ ಕೇಳಿಬರುವುದುಂಟು. ಇದನ್ನು ಲೆಕ್ಕದಿಂದಲೇ ಪರೀಕ್ಷಿಸಬಹುದು.

ಯುನಿಕೋಡ್ ವ್ಯವಸ್ಥೆಯಲ್ಲಿ ಪ್ರತಿಯೊಂದು ಕನ್ನಡ ಚಿಹ್ನೆಗೂ ಒಂದು ಸಂಕೇತಸಂಖ್ಯೆಯಿದೆ. ಕಾಗುಣಿತದ ಚಿಹ್ನೆ, ಅನುಸ್ವಾರ, ಅರ್ಧಾಕ್ಷರದ ಚಿಹ್ನೆ ಎಲ್ಲವೂ ಪ್ರತ್ಯೇಕ ಸಂಕೇತಗಳು. ಕಡತಗಳಲ್ಲಿಯೂ ಅಂತರಜಾಲದಲ್ಲಿಯೂ ಹೆಚ್ಚಾಗಿ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಒಂದು ಕನ್ನಡ ಸಂಕೇತಕ್ಕೆ 3 ಬೈಟ್, ಒಂದು ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಬೇಕು. ಅದರಂತೆ,

• ಉಮರಗಾ: ಉ, ಮ, ರ, ಗ ಮತ್ತು ದೀರ್ಘದ ಚಿಹ್ನೆ, 5 ಸಂಕೇತ, 15 ಬೈಟ್.
• ನಿಲಂಗಾ: ನ, ಗುಡಿಸು, ಲ, ಅನುಸ್ವಾರ, ಗ, ದೀರ್ಘದ ಚಿಹ್ನೆ, 6 ಸಂಕೇತ, 18 ಬೈಟ್.
• ಉದಗೀರ: ಉ, ದ, ಗ, ಗುಡಿಸಿನ ದೀರ್ಘ, ರ, 5 ಸಂಕೇತ, 15 ಬೈಟ್.

ಮೇಲುನೋಟಕ್ಕೆ ಕನ್ನಡ ಮೂರುಪಟ್ಟು ಭಾರವೆನಿಸುತ್ತದೆ. ಆದರೆ 4 ಜಿಬಿ ಎಂದರೆ 429,49,67,296 ಬೈಟ್. ಅದರಲ್ಲಿ 143 ಕೋಟಿಗೂ ಮಿಕ್ಕ ಕನ್ನಡ ಸಂಕೇತಗಳು ಹಿಡಿಯುತ್ತವೆ. ಮತ್ತೊಂದೆಡೆ, ಅಡ್ಡಲಾಗಿ 1920 ಮತ್ತು ಉದ್ದಕ್ಕೆ 1080 ಬಿಂದುಗಳುಳ್ಳ ಒಂದೇ ಒಂದು ಚಿತ್ರವನ್ನು ಪರದೆಯ ಮೇಲೆ ತೋರಿಸಲು, ಬಿಂದುವಿಗೆ 4 ಬೈಟಿನಂತೆ, 82,94,400 ಬೈಟ್ ಬೇಕು. ಅಷ್ಟೇ ಜಾಗದಲ್ಲಿ 27,64,800 ಕನ್ನಡ ಸಂಕೇತಗಳನ್ನು ಇಡಬಹುದಾಗಿತ್ತು. ಸ್ಮೃತಿಯನ್ನು ತುಂಬಿಸುವುದು ಚಿತ್ರ, ವಿಡಿಯೊ, ಬ್ರೌಸರ್ ಮತ್ತು ಕಾರ್ಯಾಚರಣ ವ್ಯವಸ್ಥೆ; ಅಕ್ಷರಗಳಲ್ಲ. ತಮ್ಮ ಭಾಷೆಯೇ ಯಂತ್ರಕ್ಕೆ ಹೊರೆಯೆಂಬ ಭಾವನೆ ಮಕ್ಕಳಲ್ಲಿ ಬೇರೂರದಂತೆ ಈ ಲೆಕ್ಕವನ್ನು ಕರಿಹಲಗೆಯ ಮೇಲೆ ಅವರಿಂದಲೇ ಮಾಡಿಸಬೇಕು.

4. ಕೊರತೆ ಎಲ್ಲಿದೆ ಎಂಬ ಪರೀಕ್ಷೆ

ರೋಗ ತಿಳಿಯದೆ ಮದ್ದು ಕೊಳ್ಳಬಾರದು. ವಿಂಡೋಸ್ ಇರುವ ಯಂತ್ರದಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಸಿಪಿಯು, ಮೆಮೊರಿ, ಡಿಸ್ಕ್‌ಗಳ ಬಳಕೆ ಪ್ರತಿಶತದಲ್ಲಿ ಕಾಣುತ್ತದೆ. ತರಗತಿಯಲ್ಲಿ ನಿತ್ಯ ಮಾಡುವ ಕೆಲಸವನ್ನೇ, ಉದಾಹರಣೆಗೆ ಒಂದು ಪಠ್ಯಪುಸ್ತಕದ ಪಿಡಿಎಫ್ ಮತ್ತು ಬ್ರೌಸರಿನ ಮೂರು ಪುಟಗಳನ್ನು ತೆರೆದು ಹತ್ತು ನಿಮಿಷ ಗಮನಿಸಬೇಕು.

• ಮೆಮೊರಿ 85-90 ಪ್ರತಿಶತ ದಾಟಿ ಅಲ್ಲೇ ನಿಂತಿದ್ದು, ಡಿಸ್ಕ್ ಸಹ ನಿರಂತರ ಓಡುತ್ತಿದ್ದರೆ ಸ್ಮೃತಿಯ ಕೊರತೆಯಿದೆ.
• ಮೆಮೊರಿ ಅರ್ಧದಷ್ಟು ಖಾಲಿಯಿದ್ದೂ ಡಿಸ್ಕ್ ಮಾತ್ರ 100 ಪ್ರತಿಶತ ತೋರಿಸಿದರೆ ಹಳೆಯ ಹಾರ್ಡ್ ಡಿಸ್ಕೇ ತೊಡಕು. ರ‍್ಯಾಮ್‌ಗಿಂತ ಎಸ್‌ಎಸ್‌ಡಿ ಹೆಚ್ಚು ಉಪಕಾರಿ.
• ಸಿಪಿಯು 100 ಪ್ರತಿಶತದಲ್ಲೇ ಉಳಿದರೆ ರ‍್ಯಾಮ್ ಹೆಚ್ಚಿಸಿದರೂ ಹೇಳಿಕೊಳ್ಳುವಂಥ ಫಲವಿಲ್ಲ. ಮೊದಲು ವೈರಸ್ ತಪಾಸಣೆ ಮಾಡಿ, ಅನಗತ್ಯ ತಂತ್ರಾಂಶಗಳನ್ನು ತೆಗೆಯಬೇಕು.

ಇದರ ಜೊತೆಗೆ ಕಾರ್ಯಾಚರಣ ವ್ಯವಸ್ಥೆ 32 ಬಿಟ್‌ನದೋ 64 ಬಿಟ್‌ನದೋ ಎಂಬುದನ್ನು ನೋಡಿಕೊಳ್ಳಬೇಕು. 32 ಬಿಟ್ ವಿಳಾಸಗಳಿಂದ ಗುರುತಿಸಬಹುದಾದ ಗರಿಷ್ಠ ಸ್ಮೃತಿ 4 ಜಿಬಿ. ಶಾಲೆಗಳಲ್ಲಿರುವ 32 ಬಿಟ್ ವಿಂಡೋಸಿಗೆ ಅದರಲ್ಲಿಯೂ ಸುಮಾರು 3ರಿಂದ 3.5 ಜಿಬಿ ಮಾತ್ರ ಬಳಕೆಗೆ ಸಿಗುತ್ತದೆ. ಅಂಥ ಯಂತ್ರಕ್ಕೆ 8 ಜಿಬಿ ಹಾಕುವುದು, ಊರಿನ ಬಾವಿಗೆ ಮೋಟರು ಹೆಚ್ಚಿಸಿ ಕೊಳವೆಯನ್ನು ಹಳೆಯದನ್ನೇ ಇಟ್ಟಂತೆ. ಮೊದಲು 64 ಬಿಟ್ ವ್ಯವಸ್ಥೆಯನ್ನು ಸ್ಥಾಪಿಸಬೇಕು.

ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್ ಅಲ್ಲದೆ ಹೊಸ ಪೀಳಿಗೆಯ ಪ್ರೊಸೆಸರ್ ಮತ್ತು ಟಿಪಿಎಂ 2.0 ಎಂಬ ಭದ್ರತಾ ಅಂಗವೂ ಬೇಕು. ರ‍್ಯಾಮ್ ಹೆಚ್ಚಿಸಿದ ಮಾತ್ರಕ್ಕೆ ಹಳೆಯ ಯಂತ್ರ ಅದಕ್ಕೆ ಅರ್ಹವಾಗದು. ಅಂಥಲ್ಲಿ ಲಿನಕ್ಸ್ ಆಧಾರಿತ ಸ್ವತಂತ್ರ ವ್ಯವಸ್ಥೆ ಒಂದು ದಾರಿ. ಕೇರಳದಲ್ಲಿ ಮೊದಲು ಐಟಿ ಅಟ್ ಸ್ಕೂಲ್ ಯೋಜನೆಯೂ, 2017ರಿಂದ ಕೈಟ್ ಸಂಸ್ಥೆಯೂ ಶಾಲೆಗಳಲ್ಲಿ ಇಂಥ ವ್ಯವಸ್ಥೆಯನ್ನೇ ನಡೆಸಿಕೊಂಡು ಬಂದಿವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲಿಯೇ ಕಲಿಯುತ್ತಾರೆ.

5. ಹೊಂದುವ ಪಟ್ಟಿಯ ಆಯ್ಕೆ

ಎಲ್ಲ ರ‍್ಯಾಮ್ ಪಟ್ಟಿಗಳೂ ನೋಟಕ್ಕೆ ಒಂದೇ ತೆರನಾದರೂ ಪೀಳಿಗೆಯಿಂದ ಪೀಳಿಗೆಗೆ ಅವು ಬೇರೆ. ಡೆಸ್ಕ್‌ಟಾಪಿನ ಪಟ್ಟಿ ಸುಮಾರು 13.3 ಸೆಂ.ಮೀ. ಉದ್ದವಿರುತ್ತದೆ, ಲ್ಯಾಪ್‌ಟಾಪಿನದು ಅದರ ಅರ್ಧದಷ್ಟು. ಡೆಸ್ಕ್‌ಟಾಪ್ ಪಟ್ಟಿಗಳ ಮುಖ್ಯ ಲಕ್ಷಣಗಳು ಹೀಗಿವೆ:

• ಡಿಡಿಆರ್2: 240 ಪಿನ್, 1.8 ವೋಲ್ಟ್.
• ಡಿಡಿಆರ್3: 240 ಪಿನ್, 1.5 ವೋಲ್ಟ್, ಡಿಡಿಆರ್3ಎಲ್ ಎಂಬುದು 1.35 ವೋಲ್ಟ್.
• ಡಿಡಿಆರ್4: 288 ಪಿನ್, 1.2 ವೋಲ್ಟ್.
• ಡಿಡಿಆರ್5: 288 ಪಿನ್, 1.1 ವೋಲ್ಟ್.

ಪಿನ್ನುಗಳ ಸಾಲಿನಲ್ಲಿರುವ ಕಚ್ಚಿನ ಸ್ಥಾನ ಪ್ರತಿ ಪೀಳಿಗೆಗೂ ಬೇರೆಯಾಗಿರುವುದರಿಂದ ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂರದು. ಡಿಡಿಆರ್2 ಮತ್ತು ಡಿಡಿಆರ್3ಕ್ಕೆ ಪಿನ್ನುಗಳ ಸಂಖ್ಯೆ ಸಮನಾಗಿರುವುದನ್ನು ಕಂಡು ಮೋಸಹೋಗಬಾರದು. ಬಲ ಹಾಕಿ ಕೂರಿಸಲು ಹೋದರೆ ಪಟ್ಟಿ, ಮದರ್‌ಬೋರ್ಡ್ ಎರಡೂ ಹಾಳಾಗುತ್ತವೆ.

ಮದರ್‌ಬೋರ್ಡಿಗೂ ಒಂದು ಮಿತಿಯಿದೆ. ಹಳೆಯ ಶಾಲಾ ಯಂತ್ರಗಳಲ್ಲಿ ಕಾಣಸಿಗುವ ಇಂಟೆಲ್ ಜಿ31 ಚಿಪ್‌ಸೆಟ್ಟಿನ ಬೋರ್ಡ್ ಒಟ್ಟು 4 ಜಿಬಿಯನ್ನೂ, ಜಿ41 ಬೋರ್ಡ್ 8 ಜಿಬಿಯನ್ನೂ, ಎಚ್61 ಬೋರ್ಡ್ 16 ಜಿಬಿಯನ್ನೂ ಗರಿಷ್ಠವಾಗಿ ಸ್ವೀಕರಿಸುತ್ತವೆ. ಜಿ41ರಲ್ಲಿ ಇನ್ನೊಂದು ತೊಡಕುಂಟು: 4 ಜಿಬಿಯ ಡಿಡಿಆರ್3 ಪಟ್ಟಿಯಲ್ಲಿ ಎರಡೂ ಬದಿ ಸೇರಿ 16 ಚಿಪ್‌ಗಳಿದ್ದರೆ ಮಾತ್ರ ಅದು ನಡೆಯುತ್ತದೆ, 8 ಚಿಪ್‌ಗಳ ಹೊಸ ಪಟ್ಟಿಯನ್ನು ಅದು ಗುರುತಿಸದು. ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಸಿಗುವ ಕೆಲವು ಡಿಡಿಆರ್3 ಪಟ್ಟಿಗಳು ಎಎಂಡಿ ಪ್ರೊಸೆಸರಿನ ಬೋರ್ಡುಗಳಿಗೆ ಮಾತ್ರ ಹೊಂದುತ್ತವೆ. ಇಂಟೆಲ್ ಯಂತ್ರಕ್ಕೆ ಅವು ವ್ಯರ್ಥ.

ವೇಗದ ಗುರುತುಗಳನ್ನು ಓದಲು ಕಲಿತಿರಬೇಕು. ಪಟ್ಟಿಯ ಚೀಟಿಯ ಮೇಲೆ ಪಿಸಿ3-12800 ಎಂದಿದ್ದರೆ ಅದು ಡಿಡಿಆರ್3-1600. 1600ನ್ನು 8ರಿಂದ ಗುಣಿಸಿದಾಗ ಬರುವ 12800, ಸೆಕೆಂಡಿಗೆ ಸಾಗಬಲ್ಲ ಮೆಗಾಬೈಟುಗಳ ಲೆಕ್ಕ. ಬೇರೆ ಬೇರೆ ವೇಗದ ಪಟ್ಟಿಗಳನ್ನು ಕೂಡಿಸಿ ಹಾಕಿದರೆ ಎಲ್ಲವೂ ನಿಧಾನವಾದುದರ ವೇಗಕ್ಕೆ ಇಳಿಯುತ್ತವೆ. ಜೋಡೆತ್ತಿನ ಗಾಡಿ ಮೆಲ್ಲನೆ ನಡೆಯುವ ಎತ್ತಿನ ಹೆಜ್ಜೆಗೆ ನಡೆದಂತೆ. ಕೊಳ್ಳಲು ಹೋಗುವಾಗ ಹಳೆಯ ಪಟ್ಟಿಯ ಚೀಟಿಯ ಛಾಯಾಚಿತ್ರವನ್ನೂ ಮದರ್‌ಬೋರ್ಡಿನ ಮೇಲೆ ಮುದ್ರಿತವಾದ ಮಾದರಿ ಸಂಖ್ಯೆಯನ್ನೂ ಒಯ್ಯುವುದು ಕ್ಷೇಮ. ಹೊಂದದಿದ್ದರೆ ಹಿಂದಿರುಗಿಸುವ ಮಾತನ್ನು ಪಾವತಿಯ ಮೇಲೆ ಬರೆಸಿಕೊಳ್ಳಬೇಕು.

6. ಸ್ಲಾಟುಗಳಲ್ಲಿ ಪಟ್ಟಿಗಳ ವಿನ್ಯಾಸ

ಎಷ್ಟು ಸ್ಮೃತಿ ಎಂಬುದರಷ್ಟೇ ಅದನ್ನು ಎಲ್ಲಿ ಕೂರಿಸಬೇಕು ಎಂಬುದೂ ಮುಖ್ಯ. ಬಹುತೇಕ ಮದರ್‌ಬೋರ್ಡುಗಳಲ್ಲಿ ಪ್ರೊಸೆಸರಿಗೂ ಸ್ಮೃತಿಗೂ ನಡುವೆ ಎರಡು ದಾರಿಗಳಿರುತ್ತವೆ. ಇವುಗಳಿಗೆ ಚಾನೆಲ್ ಎಂದು ಹೆಸರು. ಪ್ರತಿ ದಾರಿಯ ಅಗಲ 64 ಬಿಟ್. ಎರಡೂ ದಾರಿಗಳಲ್ಲಿ ಪಟ್ಟಿಗಳಿದ್ದರೆ ಸಾಗಣೆ 128 ಬಿಟ್ ಅಗಲದಲ್ಲಿ ನಡೆಯುತ್ತದೆ. ಡಿಡಿಆರ್3-1600ರ ಒಂದು ದಾರಿಯಲ್ಲಿ ಸೆಕೆಂಡಿಗೆ 12.8 ಜಿಬಿ ಸಾಗಬಹುದಾದರೆ ಎರಡರಲ್ಲಿ ಗರಿಷ್ಠ 25.6 ಜಿಬಿ ಸಾಗಬಹುದು. ಆದ್ದರಿಂದ 8 ಜಿಬಿಯ ಒಂದು ಪಟ್ಟಿಗಿಂತ 4 ಜಿಬಿಯ ಎರಡು ಸಮಾನ ಪಟ್ಟಿಗಳು ಸಾಮಾನ್ಯವಾಗಿ ಮೇಲು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರಗಳು ಚಿತ್ರ ಬಿಡಿಸಲೂ ಇದೇ ಸ್ಮೃತಿಯನ್ನು ಬಳಸುವುದರಿಂದ ಅಲ್ಲಿ ಈ ಲಾಭ ಹೆಚ್ಚು. ನಿತ್ಯದ ಬರವಣಿಗೆಯ ಕೆಲಸದಲ್ಲಿ ಮಾತ್ರ ವ್ಯತ್ಯಾಸ ಅಷ್ಟಾಗಿ ಕಾಣದು.

• ಎರಡೇ ಸ್ಲಾಟುಗಳಿರುವ ಬೋರ್ಡಿನಲ್ಲಿ ಎರಡರಲ್ಲಿಯೂ ಒಂದೊಂದು ಸಮಾನ ಪಟ್ಟಿಯನ್ನು ಕೂರಿಸಬೇಕು.
• ನಾಲ್ಕು ಸ್ಲಾಟುಗಳಿದ್ದು ಎರಡು ಪಟ್ಟಿಗಳಿದ್ದರೆ ಒಂದು ಬಿಟ್ಟು ಒಂದರಂತೆ ಕೂರಿಸಬೇಕು. ಹೊಸ ಬೋರ್ಡುಗಳಲ್ಲಿ ಹೆಚ್ಚಾಗಿ ಪ್ರೊಸೆಸರಿನ ಕಡೆಯಿಂದ ಎಣಿಸಿದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟುಗಳು ಮೊದಲ ಆಯ್ಕೆ. ಹಲವು ಬೋರ್ಡುಗಳಲ್ಲಿ ಜೋಡಿ ಸ್ಲಾಟುಗಳಿಗೆ ಒಂದೇ ಬಣ್ಣವಿರುತ್ತದೆ. ಬಣ್ಣದ ಅರ್ಥ ತಯಾರಕರಿಂದ ತಯಾರಕರಿಗೆ ಬೇರೆಯಾಗುವುದರಿಂದ ಕೈಪಿಡಿಯ ಮಾತೇ ಅಂತಿಮ.
• 4 ಜಿಬಿ ಮತ್ತು 2 ಜಿಬಿಯಂಥ ಅಸಮಾನ ಪಟ್ಟಿಗಳಿದ್ದರೆ ಹಲವು ಇಂಟೆಲ್ ಬೋರ್ಡುಗಳು 2 ಮತ್ತು 2 ಜಿಬಿಯನ್ನು ಜೋಡಿಯಾಗಿ ಬಳಸಿ, ಉಳಿದ 2 ಜಿಬಿಯನ್ನು ಒಂಟಿ ದಾರಿಯಲ್ಲಿ ನಡೆಸುತ್ತವೆ. ಇದು ದೋಷವಲ್ಲ, ಹಣ ಕಡಿಮೆಯಿರುವ ಶಾಲೆಗೆ ಇಂಥ ಜೋಡಣೆಯೂ ಒಪ್ಪತಕ್ಕದ್ದೇ.

7. ಜೋಡಣೆಯ ಕ್ರಮ

ಈ ಕೆಲಸಕ್ಕೆ ಒಂದು ಸ್ಕ್ರೂಡ್ರೈವರ್, ಮೃದುವಾದ ಬ್ರಷ್, ಪೆನ್ಸಿಲಿನ ರಬ್ಬರ್ ಮತ್ತು ಒಂದು ಗಂಟೆಯ ಬಿಡುವು ಸಾಕು. ಯಂತ್ರ ವಾರಂಟಿ ಅಥವಾ ದುರಸ್ತಿ ಕರಾರಿನಲ್ಲಿದ್ದರೆ ಸೀಲನ್ನು ಶಾಲೆಯವರು ತೆರೆಯದೆ ಸಂಬಂಧಪಟ್ಟವರನ್ನು ಕರೆಸಬೇಕು.

(1) ಮುಖ್ಯ ಕಡತಗಳ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಉಳಿಸಿ, ಯಂತ್ರವನ್ನು ಪೂರ್ಣವಾಗಿ ಮುಚ್ಚಬೇಕು. ವಿಂಡೋಸ್ 10ರಲ್ಲಿ ಶಿಫ್ಟ್ ಕೀಲಿಯನ್ನು ಒತ್ತಿಹಿಡಿದು ಶಟ್‌ಡೌನ್ ಮಾಡಿದರೆ ಅದು ಅರೆನಿದ್ರೆಗೆ ಜಾರದೆ ಪೂರ್ಣವಾಗಿ ನಿಲ್ಲುತ್ತದೆ.

(2) ಗೋಡೆಯ ಸ್ವಿಚ್ ಆರಿಸಿ, ವಿದ್ಯುತ್ ತಂತಿಯನ್ನು ಯಂತ್ರದಿಂದ ಕಿತ್ತು, ಯುಪಿಎಸ್ ಸಂಪರ್ಕವನ್ನೂ ತೆಗೆಯಬೇಕು. ಬಳಿಕ ಪವರ್ ಗುಂಡಿಯನ್ನು ಐದು ಸೆಕೆಂಡು ಒತ್ತಿದರೆ ಉಳಿದ ವಿದ್ಯುದಂಶ ಹರಿದುಹೋಗುತ್ತದೆ.

(3) ಕ್ಯಾಬಿನೆಟ್ಟನ್ನು ಮೇಜಿನ ಮೇಲೆ ಮಲಗಿಸಿ, ಹಿಂಬದಿಯ ಸ್ಕ್ರೂಗಳನ್ನು ಬಿಚ್ಚಿ, ಪಕ್ಕದ ಮುಚ್ಚಳವನ್ನು ಹಿಂದಕ್ಕೆ ಸರಿಸಬೇಕು. ಒಳಗಿನ ಸ್ಥಿತಿಯ ಛಾಯಾಚಿತ್ರ ತೆಗೆದಿಟ್ಟುಕೊಂಡರೆ ಮರುಜೋಡಣೆ ಸುಲಭ.

(4) ಬೇಸಿಗೆಯ ಮಣ್ಣಿನ ದೂಳು ಒಳಗೆ ಪದರುಗಟ್ಟಿರುವುದು ಸಾಮಾನ್ಯ. ಅದನ್ನು ಬ್ರಷ್ಷಿನಿಂದ ಮೆಲ್ಲನೆ ತೆಗೆಯಬೇಕು. ಒದ್ದೆ ಬಟ್ಟೆ ಕೂಡದು.

(5) ಕೈಯನ್ನು ಬಣ್ಣವಿಲ್ಲದ ಲೋಹದ ಭಾಗಕ್ಕೆ ಮುಟ್ಟಿಸಿ ಸ್ಥಿರ ವಿದ್ಯುತ್ತನ್ನು ಕಳೆಯಬೇಕು. ಗಾಳಿ ಒಣಗಿದಷ್ಟೂ ಸ್ಥಿರ ವಿದ್ಯುತ್ ಹೆಚ್ಚು. ಮರಾಠವಾಡಾದ ಚಳಿಗಾಲ ಮತ್ತು ಬೇಸಿಗೆಗಳಲ್ಲಿ ಈ ಎಚ್ಚರ ವಿಶೇಷವಾಗಿ ಬೇಕು. ಕೃತಕ ನೂಲಿನ ಬಟ್ಟೆ, ಉಣ್ಣೆಯ ಸ್ವೆಟರ್ ತೊಟ್ಟು ಈ ಕೆಲಸ ಮಾಡಬಾರದು. ಬೆರಳಿಗೆ ತಿಳಿಯದಷ್ಟು ಸಣ್ಣ ಕಿಡಿಯೂ ಚಿಪ್ಪನ್ನು ಕೆಡಿಸಬಲ್ಲದು.

(6) ಸ್ಲಾಟಿನ ತುದಿಯ ಕೊಂಡಿಗಳನ್ನು ಹೊರಕ್ಕೆ ಬಾಗಿಸಿದರೆ ಹಳೆಯ ಪಟ್ಟಿ ತಾನಾಗಿ ಮೇಲೇಳುತ್ತದೆ. ಪಟ್ಟಿಯನ್ನು ಅಂಚಿನಲ್ಲಿ ಹಿಡಿಯಬೇಕು. ಹೊಂಬಣ್ಣದ ಪಿನ್ನುಗಳನ್ನು ಮುಟ್ಟಬಾರದು.

(7) ಹೊಸ ಪಟ್ಟಿಯ ಕಚ್ಚು ಸ್ಲಾಟಿನ ದಿಬ್ಬಕ್ಕೆ ಸರಿಯಾಗಿ ಎದುರಾಗುವಂತೆ ಹಿಡಿದು, ನೆಟ್ಟಗೆ ಇಳಿಸಿ, ಎರಡೂ ತುದಿಗಳನ್ನು ಹೆಬ್ಬೆರಳಿನಿಂದ ಸಮನಾಗಿ ಒತ್ತಬೇಕು. ಕೊಂಡಿಗಳು ಟಕ್ ಎಂಬ ಸದ್ದಿನೊಡನೆ ಮುಚ್ಚಿಕೊಂಡರೆ ಪಟ್ಟಿ ಕೂತಂತೆ. ಕೆಲವು ಬೋರ್ಡುಗಳಲ್ಲಿ ಒಂದೇ ಬದಿಗೆ ಕೊಂಡಿಯಿರುತ್ತದೆ.

(8) ಮುಚ್ಚಳ ಹಾಕುವ ಮೊದಲೇ ತಂತಿ ಜೋಡಿಸಿ, ಒಳಗೆ ಕೈಯಿಡದೆ, ಯಂತ್ರವನ್ನು ಒಮ್ಮೆ ನಡೆಸಿ ನೋಡಬೇಕು. ಟಾಸ್ಕ್ ಮ್ಯಾನೇಜರಿನಲ್ಲಿ ಹೊಸ ಮೊತ್ತ ಮತ್ತು ಬಳಕೆಯಲ್ಲಿರುವ ಸ್ಲಾಟುಗಳ ಸಂಖ್ಯೆ ಸರಿಯಾಗಿ ಕಂಡರೆ ಮತ್ತೆ ವಿದ್ಯುತ್ ಕಿತ್ತು ಮುಚ್ಚಳ ಬಿಗಿಯಬೇಕು. ಆ ರಾತ್ರಿ ವಿಂಡೋಸ್ ಮೆಮೊರಿ ಡಯಾಗ್ನೊಸ್ಟಿಕ್ ಎಂಬ ಪರೀಕ್ಷೆಯನ್ನು ನಡೆಸಿ ಬಿಡುವುದು ಉತ್ತಮ.

ಎಚ್ಚರಿಕೆ: ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಶಿಕ್ಷಕರಾಗಲಿ ಮಕ್ಕಳಾಗಲಿ ಯಾವ ಕಾರಣಕ್ಕೂ ತೆರೆಯಬಾರದು. ತಂತಿ ಕಿತ್ತ ಮೇಲೂ ಅದರೊಳಗೆ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

8. ತೊಡಕುಗಳು ಮತ್ತು ಪರಿಹಾರ

ಯಂತ್ರ ನಡೆಸಿದಾಗ ಪರದೆ ಕಪ್ಪಾಗಿಯೇ ಉಳಿದು ಬೀಪ್ ಸದ್ದು ಮರಳಿ ಮರಳಿ ಬಂದರೆ ಗಾಬರಿಪಡಬೇಕಾಗಿಲ್ಲ. ಪಟ್ಟಿ ಪೂರ್ಣ ಕೂತಿಲ್ಲದಿರುವುದೇ ಹೆಚ್ಚಿನ ಸಲದ ಕಾರಣ. ವಿದ್ಯುತ್ ಕಿತ್ತು, ಪಟ್ಟಿಯನ್ನು ತೆಗೆದು, ಪಿನ್ನುಗಳನ್ನು ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ಬ್ರಷ್ಷಿನಿಂದ ಒರೆಸಿ ಮತ್ತೆ ಕೂರಿಸಬೇಕು. ಆಗಲೂ ನಡೆಯದಿದ್ದರೆ ಹಳೆಯ ಪಟ್ಟಿಯೊಂದನ್ನೇ, ಬಳಿಕ ಹೊಸದೊಂದನ್ನೇ, ಒಂದೊಂದು ಸ್ಲಾಟಿನಲ್ಲಿ ಹಾಕಿ ನೋಡಬೇಕು. ಹಳೆಯದು ಎಲ್ಲ ಸ್ಲಾಟಿನಲ್ಲಿಯೂ ನಡೆದು ಹೊಸದು ಎಲ್ಲಿಯೂ ನಡೆಯದಿದ್ದರೆ ಹೊಸ ಪಟ್ಟಿ ಹೊಂದುತ್ತಿಲ್ಲ ಅಥವಾ ಕೆಟ್ಟಿದೆ. ಎರಡೂ ಒಂದೇ ಸ್ಲಾಟಿನಲ್ಲಿ ಮಾತ್ರ ನಡೆಯದಿದ್ದರೆ ದೋಷ ಆ ಸ್ಲಾಟಿನದು. ಒಮ್ಮೆಗೆ ಒಂದನ್ನೇ ಬದಲಿಸಿ ಫಲವನ್ನು ಗಮನಿಸುವ ಈ ಕ್ರಮ ವಿಜ್ಞಾನದ ಪಾಠದಲ್ಲಿ ಕಲಿಸುವ ಪ್ರಯೋಗದ ನಿಯಮವೇ ಆಗಿದೆ.

9. ದಾಖಲೆ ಮತ್ತು ಹೊಣೆ

ಶಾಲೆಯ ಗಣಕಯಂತ್ರ ಸಾರ್ವಜನಿಕ ಆಸ್ತಿ. ಆದ್ದರಿಂದ ರ‍್ಯಾಮ್ ಕೊಳ್ಳುವ ವಿಷಯವನ್ನು ಶಾಲಾ ವ್ಯವಸ್ಥಾಪನ ಸಮಿತಿಯ ಸಭೆಯಲ್ಲಿಟ್ಟು ಠರಾವು ಮಾಡಿಸಿ, ಪಾವತಿಯನ್ನು ಕಡತದಲ್ಲಿರಿಸಿ, ಡೆಡ್ ಸ್ಟಾಕ್ ರಜಿಸ್ಟರಿನಲ್ಲಿ ಪಟ್ಟಿಯ ಸಾಮರ್ಥ್ಯ ಮತ್ತು ಕ್ರಮಾಂಕವನ್ನು ನಮೂದಿಸಬೇಕು. ತೆಗೆದ ಹಳೆಯ ಪಟ್ಟಿಯ ಬಗೆಗೂ ನಮೂದು ಬೇಕು.

ಒಂದು ಶಾಲೆಯಲ್ಲಿ ಮದರ್‌ಬೋರ್ಡ್ ಸುಟ್ಟ ಯಂತ್ರವಿದ್ದು ಅದರ ರ‍್ಯಾಮ್ ಚೆನ್ನಾಗಿರುವುದು, ಮತ್ತೊಂದು ಶಾಲೆಯಲ್ಲಿ ಅದೇ ಪೀಳಿಗೆಯ ರ‍್ಯಾಮ್ ಸಾಲದ ಯಂತ್ರವಿರುವುದು ಸಾಧ್ಯ. ಇವೆರಡನ್ನೂ ಕೂಡಿಸಿದರೆ ವೆಚ್ಚವಿಲ್ಲದೆ ಒಂದು ಯಂತ್ರ ಉಳಿಯುತ್ತದೆ. ಆದರೆ ಇದನ್ನು ಬಾಯಿಮಾತಿನ ಮೇಲೆ ಮಾಡಬಾರದು. ಕೇಂದ್ರ ಪ್ರಮುಖರ ಮೂಲಕ ಗಟ ಶಿಕ್ಷಣಾಧಿಕಾರಿಗಳ ಲಿಖಿತ ಅನುಮತಿ ಪಡೆದು, ನಿರ್ಲೇಖನ ಅಥವಾ ಹಸ್ತಾಂತರದ ನಮೂದನ್ನು ಎರಡೂ ಶಾಲೆಗಳ ರಜಿಸ್ಟರಿನಲ್ಲಿ ಮಾಡಿಸಬೇಕು. ನಿಜಕ್ಕೂ ಕೆಟ್ಟ ಭಾಗಗಳನ್ನು ಕಸದ ಗುಂಡಿಗೆ ಎಸೆಯುವುದು, ಸುಡುವುದು ಸಲ್ಲದು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಅವು ನೋಂದಾಯಿತ ಮರುಬಳಕೆದಾರರಿಗೆ ಸೇರಬೇಕು.

10. ತರಗತಿಯ ಚಟುವಟಿಕೆ: ಕಣದ ಆಟ

ಬೇಕಾದ ಸಾಮಗ್ರಿ: ಎಂಟು ಪದಚೀಟಿ, ಸೀಮೆಸುಣ್ಣ, ಒದ್ದೆ ಬಟ್ಟೆ. ಅವಧಿ: 35 ನಿಮಿಷ.

ಅಂಗಳದ ಒಂದು ತುದಿಯಲ್ಲಿ ಎಂಟು ಪದಚೀಟಿಗಳನ್ನು ಹರಡಬೇಕು, ಅದು ಹಗೇವು. ಇನ್ನೊಂದು ತುದಿಯಲ್ಲಿ ಸೀಮೆಸುಣ್ಣದಿಂದ ನಾಲ್ಕು ಮನೆಗಳನ್ನು ಬರೆಯಬೇಕು, ಅದು ಕಣ. "ನಮ್ಮ ಊರಿನ ಕೆರೆ ತುಂಬಿತು", "ಅಜ್ಜಿ ಜೋಳದ ರೊಟ್ಟಿ ಮಾಡಿದಳು" ಎಂಬ ಎರಡು ವಾಕ್ಯಗಳ ಪದಗಳು ಚೀಟಿಗಳಲ್ಲಿರಲಿ. ಶಿಕ್ಷಕರು ಈ ವಾಕ್ಯಗಳನ್ನು ಒಂದಾದ ಮೇಲೊಂದರಂತೆ ಒಟ್ಟು ಹತ್ತು ಸಲ ಕರೆಯಬೇಕು. ಕರೆದ ವಾಕ್ಯದ ನಾಲ್ಕೂ ಪದಗಳು ಕಣದಲ್ಲಿರಬೇಕು. ಮಗು ಹಗೇವಿಗೆ ಓಡಿ, ಒಂದು ಚೀಟಿಯನ್ನು ಓದಿ, ಮರಳಿ ಬಂದು ಮನೆಯಲ್ಲಿ ಬರೆಯಬೇಕು. ಚೀಟಿ ಅಲ್ಲೇ ಉಳಿಯುತ್ತದೆ. ಜಾಗವಿಲ್ಲದಿದ್ದರೆ ಮೊದಲಿನದನ್ನು ಅಳಿಸಿ ಬರೆಯಬೇಕು. ನಾಲ್ಕು ಮನೆಗಳಿರುವಾಗ ಪ್ರತಿ ಕರೆಗೂ ನಾಲ್ಕು ಓಟ; ಹತ್ತು ಕರೆಗೆ 40 ಓಟ. ಮನೆಗಳನ್ನು ಎಂಟಕ್ಕೆ ಹೆಚ್ಚಿಸಿ ಮತ್ತೆ ಆಡಿಸಿದರೆ ಮೊದಲ ಎರಡು ಕರೆಗಳಿಗೆ 8 ಓಟವಾದ ಮೇಲೆ ಓಡುವ ಅಗತ್ಯವೇ ಇರದು. ಎರಡೂ ಸಲ ಹಿಡಿದ ಕಾಲವನ್ನು ಮಕ್ಕಳೇ ಬರೆದುಕೊಳ್ಳಲಿ.

ಕೊನೆಗೆ ಒಬ್ಬ ಮಗು ಕಣದಲ್ಲಿ ತನ್ನದೇ ಹೊಸ ಪದವೊಂದನ್ನು ಬರೆಯಲಿ. ಶಿಕ್ಷಕರು "ಕರೆಂಟ್ ಹೋಯಿತು" ಎಂದು ಕೂಗಿ ಕಣವನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು. ಎಂಟು ಪದಗಳನ್ನು ಹಗೇವಿನಿಂದ ಮತ್ತೆ ತರಬಹುದು. ಮಗುವಿನ ಹೊಸ ಪದ ಮಾತ್ರ ಎಲ್ಲಿಯೂ ಉಳಿದಿಲ್ಲ. ಬರೆದುದನ್ನು ಕೂಡಲೇ ಉಳಿಸಬೇಕೆಂಬ ಪಾಠ ಇದರಿಂದ ತಾನಾಗಿ ಮನಸ್ಸಿಗೆ ಹತ್ತುತ್ತದೆ.

11. ಅಭ್ಯಾಸ

(ಅ) ಪ್ರತಿ ಮಗು ತನ್ನ ಹೆಸರನ್ನೂ ಊರಿನ ಹೆಸರನ್ನೂ ಬರೆದು ಅವುಗಳಿಗೆ ಎಷ್ಟು ಸಂಕೇತ, ಎಷ್ಟು ಬೈಟ್ ಬೇಕೆಂದು ಲೆಕ್ಕ ಹಾಕಲಿ. ಸೂಚನೆ: "ಕನ್ನಡ" ಎಂಬುದು ಮೂರು ಅಕ್ಷರವಾಗಿ ಕಂಡರೂ ಕ, ನ, ಅರ್ಧಾಕ್ಷರದ ಚಿಹ್ನೆ, ನ, ಡ ಎಂದು 5 ಸಂಕೇತ, 15 ಬೈಟ್.

(ಆ) ಒಂದು ಯಂತ್ರದಲ್ಲಿ ಮೆಮೊರಿ 48 ಪ್ರತಿಶತ, ಡಿಸ್ಕ್ 100 ಪ್ರತಿಶತ, ಸಿಪಿಯು 20 ಪ್ರತಿಶತ ಇದೆ. ಇದಕ್ಕೆ ರ‍್ಯಾಮ್ ಕೊಳ್ಳುವುದು ಯುಕ್ತವೇ? ಕಾರಣ ಕೊಡಿರಿ.

(ಇ) ಎರಡು ಸ್ಲಾಟುಗಳ ಎಚ್61 ಬೋರ್ಡಿನಲ್ಲಿ 2 ಜಿಬಿಯ ಒಂದು ಡಿಡಿಆರ್3 ಪಟ್ಟಿಯಿದೆ. ಶಾಲೆಯ ಬಳಿ ಒಂದೇ ಪಟ್ಟಿಗೆ ಹಣವಿದೆ. 2 ಜಿಬಿ, 4 ಜಿಬಿ, 8 ಜಿಬಿಗಳಲ್ಲಿ ಯಾವುದನ್ನು ಕೊಂಡರೆ ಒಟ್ಟು ಎಷ್ಟಾಗುತ್ತದೆ, ಎಷ್ಟು ಜೋಡಿ ದಾರಿಯಲ್ಲಿ ನಡೆಯುತ್ತದೆ ಎಂಬುದನ್ನು ಕೋಷ್ಟಕದಲ್ಲಿ ತೋರಿಸಿರಿ.

(ಈ) ಕಣ, ಹಗೇವು, ರಾಶಿ, ತೂರು ಎಂಬ ಪದಗಳಿಗೆ ಮನೆಯ ಹಿರಿಯರು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಬಳಸುವ ಬೇರೆ ಮಾತುಗಳನ್ನು ಕೇಳಿ ಬಂದು, ಶಾಲೆಯ ಗಣಕಯಂತ್ರದಲ್ಲಿ ಟಂಕಿಸಿ, ಕಡತವನ್ನು ಉಳಿಸಿರಿ.